ಪ್ರಶ್ನೋತ್ತರ: ಸಮಾಜ ಕಾರ್ಯಕರ್ತರ ದಣಿವು, ಬೇಸರ, ರಾಜೀನಾಮೆ

ಮಕ್ಕಳ ರಕ್ಷಣೆ, ಆಸ್ಪತ್ರೆ, ಮಹಿಳಾ ಸಾಂತ್ವನ, ಹಳ್ಳಿ ಅಭಿವೃದ್ಧಿ ಹೀಗೆ ಬೇರೆ ಬೇರೆ ಕ್ಷೇತ್ರಗಳಲ್ಲಿ ದುಡಿಯುವ ಸಮಾಜ ಕಾರ್ಯಕರ್ತರಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ, ಗುರುತು ಸಿಗುವಂಥ ವಿವರಗಳನ್ನು ತೆಗೆದಿದ್ದೇವೆ. ಉತ್ತರಿಸಿದವರು ಮನೋವೈದ್ಯಕೀಯ ಸಮಾಜಕಾರ್ಯ ಮತ್ತು ಸಂಸ್ಥೆಗಳ ಆಡಳಿತ ಎರಡನ್ನೂ ಬಲ್ಲವರು.

ನಾಲ್ಕು ವರ್ಷದಿಂದ ಮಕ್ಕಳ ರಕ್ಷಣೆಯ ಕೆಲಸದಲ್ಲಿದ್ದೇನೆ, ಗುತ್ತಿಗೆ ನೌಕರಿ. ಮೊದಲೆಲ್ಲ ಒಂದು ಬಾಲ್ಯವಿವಾಹ ತಡೆದರೆ ವಾರವಿಡೀ ಹುರುಪು ಇರುತ್ತಿತ್ತು. ಈಗ ಎದುರಿಗೇ ಮಗು ಅಳುತ್ತಿದ್ದರೂ ಏನೂ ಅನ್ನಿಸುವುದಿಲ್ಲ. ಫೋನ್ ರಿಂಗಾದರೆ ಮಾತ್ರ ಎದೆ ಡವಗುಟ್ಟುತ್ತದೆ. ನನ್ನಲ್ಲಿ ಸೇವಾ ಮನೋಭಾವ ಕಡಿಮೆಯಾಗಿದೆ ಎಂದು ಮೇಲಿನವರು ಹೇಳುತ್ತಾರೆ. ನಿಜವೇ?
— ಕಲ್ಯಾಣ ಕರ್ನಾಟಕದ ಒಂದು ಜಿಲ್ಲೆಯಿಂದ

ನಿಜವಲ್ಲ. ಸೇವಾ ಮನೋಭಾವ ಇಲ್ಲದವರಿಗೆ ಈ ಸ್ಥಿತಿ ಬರುವುದು ಕಡಿಮೆ. ಮನಸ್ಸಿಟ್ಟು ಕೆಲಸ ಮಾಡಿದವರೇ ಹೆಚ್ಚಾಗಿ ಇಲ್ಲಿಗೆ ಬಂದು ನಿಲ್ಲುತ್ತಾರೆ.

ನೀವು ಬರೆದಿರುವುದನ್ನು ಬರ್ನ್‌ಔಟ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿಕೊಂಡ ತನ್ನ 11ನೇ ರೋಗ ವರ್ಗೀಕರಣದಲ್ಲಿ ಇದನ್ನು ಸೇರಿಸಿದೆ. ಅಲ್ಲಿ ಇದನ್ನು ಕಾಯಿಲೆಗಳ ಸಾಲಿಗೆ ಹಾಕಿಲ್ಲ. ಸರಿಯಾಗಿ ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡ ಬಹುಕಾಲ ಮುಂದುವರಿದಾಗ ಹುಟ್ಟುವ ಸ್ಥಿತಿ ಎಂದು ಹೇಳಿದೆ. ಇದಕ್ಕೆ ಮೂರು ಮುಖ: ಮೈಮನ ಎರಡೂ ಬಸವಳಿಯುವುದು, ಕೆಲಸದ ಬಗ್ಗೆ ಮನಸ್ಸು ದೂರ ಸರಿದು ತಿರಸ್ಕಾರ ಮೂಡುವುದು, ‘ನನ್ನಿಂದ ಏನೂ ಆಗುತ್ತಿಲ್ಲ’ ಎನ್ನಿಸುವುದು. ನಿಮ್ಮ ಕಲ್ಲಾದ ಮನಸ್ಸು ಈ ಎರಡನೆಯದು. ದಿನವೂ ಇಷ್ಟು ನೋವು ನೋಡಿ ತಡೆಯಲಾರದೆ ಮನಸ್ಸು ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಅದು ಕೆಟ್ಟತನವಲ್ಲ.

ಆದರೆ ಇದರ ಜೊತೆಗೆ ಇನ್ನೆರಡು ಇವೆಯೇ ಎಂದು ನೋಡಿಕೊಳ್ಳಬೇಕು, ಏಕೆಂದರೆ ಒಂದೊಂದಕ್ಕೂ ಉಪಾಯ ಬೇರೆ. ಒಂದು, ಪರರ ಆಘಾತ ನಮ್ಮೊಳಗೆ ಇಳಿಯುವುದು. ಯಾವುದೋ ಒಂದು ಕೇಸಿನ ದೃಶ್ಯ ಬೇಡವೆಂದರೂ ಕಣ್ಣಮುಂದೆ ಬರುತ್ತದೆ, ಕನಸಿನಲ್ಲಿ ಕಾಡುತ್ತದೆ. ಆ ಊರಿನ ದಾರಿಯನ್ನೇ ತಪ್ಪಿಸುತ್ತೀರಿ, ಸ್ವಂತ ಮಗುವನ್ನು ಪಕ್ಕದ ಮನೆಗೂ ಕಳಿಸಲು ಹೆದರುತ್ತೀರಿ. ಬರ್ನ್‌ಔಟ್ ತಿಂಗಳುಗಟ್ಟಲೆ ನಿಧಾನವಾಗಿ ಬೆಳೆದರೆ, ಇದು ಒಂದೇ ಕೇಸಿನಿಂದ ತಟ್ಟನೆ ಶುರುವಾಗಬಹುದು. ಎರಡು, ಖಿನ್ನತೆ. ಬರ್ನ್‌ಔಟ್ ಮೊದಮೊದಲು ಕೆಲಸದ ಸುತ್ತಲೇ ಇರುತ್ತದೆ. ಹಬ್ಬಕ್ಕೆ ಊರಿಗೆ ಹೋದಾಗ ಎರಡು ದಿನವಾದರೂ ಮನಸ್ಸು ಹಗುರಾಗುತ್ತದೆ. ಖಿನ್ನತೆ ಊರಿಗೂ ಜೊತೆಗೇ ಬರುತ್ತದೆ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸೆ ಇಲ್ಲದಿರುವುದು, ನಿದ್ದೆ ಮತ್ತು ಊಟ ಏರುಪೇರಾಗುವುದು, ತಾನು ಯಾರಿಗೂ ಬೇಡ ಎನ್ನಿಸುವುದು ಅದರ ಲಕ್ಷಣ. ಸಾಯುವ ಯೋಚನೆ ಒಮ್ಮೆ ಸುಳಿದರೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಯುತ್ತದೆ. ನಿಮ್ಮದೇ ತಾಲ್ಲೂಕಿನಲ್ಲಿ ಎಲ್ಲರಿಗೂ ಪರಿಚಯವಿದ್ದು ಸಂಕೋಚವಾದರೆ ಪಕ್ಕದ ತಾಲ್ಲೂಕಿಗೆ ಹೋಗಿ. ಹೋದಾಗ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ರಕ್ತಹೀನತೆಯ ಸುಸ್ತನ್ನು ಮನಸ್ಸಿನ ಸುಸ್ತು ಎಂದುಕೊಂಡು ವರ್ಷಗಟ್ಟಲೆ ಒದ್ದಾಡುವವರು ಬಹಳ, ಅದರಲ್ಲೂ ಹೆಣ್ಣುಮಕ್ಕಳು.

ಇನ್ನು ಫೋನಿನ ಮಾತು. 2023ರಲ್ಲಿ ಮಕ್ಕಳ ಸಹಾಯವಾಣಿ 1098ನ್ನು ತುರ್ತು ಕರೆ ಸಂಖ್ಯೆ 112ರ ಜೊತೆ ಜೋಡಿಸಿ ಸರ್ಕಾರಗಳ ಕೈಗೆ ಕೊಟ್ಟ ಮೇಲೆ ಜಿಲ್ಲೆಯ ಸಿಬ್ಬಂದಿಗೆ ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬರುವುದು ಸಹಜ. ಎಲ್ಲರೂ ಎಲ್ಲ ರಾತ್ರಿಯೂ ಎಚ್ಚರವಿರಬೇಕು ಎಂಬ ಪದ್ಧತಿಯೇ ತಪ್ಪು. ರಾತ್ರಿಯ ಕರೆ ಈ ವಾರ ಯಾರ ಪಾಳಿ ಎಂಬ ಪಟ್ಟಿ ತಿಂಗಳ ಮೊದಲೇ ಗೋಡೆಗೆ ಬೀಳಬೇಕು. ಪಾಳಿ ಇಲ್ಲದವರು ರಾತ್ರಿ ಎಂಟಕ್ಕೆ ಕಚೇರಿಯ ವಾಟ್ಸ್ಆ್ಯಪ್ ಗುಂಪಿನ ಸದ್ದು ನಿಲ್ಲಿಸಬಹುದು ಎಂದು ಬರಹದಲ್ಲೇ ಇರಬೇಕು. ಹತ್ತು ಗಂಟೆಯ ನಂತರ ರಕ್ಷಣಾ ಕಾರ್ಯಕ್ಕೆ ಹೋದವರಿಗೆ ಮರುದಿನ ಮಧ್ಯಾಹ್ನದವರೆಗೆ ಬಿಡುವು ಬೇಕು. ಈ ಮೂರನ್ನೂ ಒಂದೇ ಪುಟದಲ್ಲಿ ಬರೆದು, ನಿಮ್ಮ ಜೊತೆಯವರೆಲ್ಲರ ಸಹಿ ಹಾಕಿಸಿ ಕೊಡಿ. ಒಬ್ಬರೇ ಕೇಳಿದರೆ ದೂರು ಎನಿಸಿಕೊಳ್ಳುತ್ತದೆ. ಆರು ಜನ ಕೇಳಿದರೆ ಕಚೇರಿಯ ವ್ಯವಸ್ಥೆಯ ಪ್ರಶ್ನೆಯಾಗುತ್ತದೆ.

ರಜೆ ಹಾಕಿ, ಆದರೆ ಹಾಗೇ ಹಾಕಬೇಡಿ. ಹತ್ತು ದಿನ ರಜೆ ಮುಗಿಸಿ ಬಂದಾಗ ಹತ್ತು ದಿನದ ಕಡತ ಮೇಜಿನ ಮೇಲೆ ಹಾಗೇ ಕೂತಿದ್ದರೆ, ಬಂದ ವಾರದಲ್ಲೇ ಮೊದಲಿನ ಸ್ಥಿತಿಗೆ ಇಳಿಯುತ್ತೀರಿ. ಹೊರಡುವ ಮುನ್ನ ತುರ್ತು ಕೇಸುಗಳ ಪಟ್ಟಿ ಮಾಡಿ, ಯಾವುದು ಯಾರಿಗೆ ಎಂದು ಹೆಸರು ಬರೆಸಿ. ವಾಪಸು ಬಂದ ಮೊದಲ ಎರಡು ದಿನ ಹೊಸ ಕೇಸು ಬೇಡ ಎಂದು ಮೊದಲೇ ಒಪ್ಪಿಸಿಕೊಳ್ಳಿ.

ನಮ್ಮ ಕಾರ್ಯಕರ್ತರ ಹತ್ತಿರ ತಲಾ 60 ಕಡತಗಳಿವೆ. ಹೆಚ್ಚಾಯಿತು ಎನ್ನುತ್ತಾರೆ. ‘ಬೇರೆ ಕಡೆ 80 ಇವೆ’ ಎನ್ನುತ್ತಾರೆ ದಾನಿಗಳ ಪ್ರತಿನಿಧಿಗಳು. ಸರಿಯಾದ ಸಂಖ್ಯೆ ಎಷ್ಟು?
— ಯೋಜನಾ ಸಂಯೋಜಕಿ, ಹುಬ್ಬಳ್ಳಿ

ಕಡತ ಎಣಿಸಿದರೆ ಉತ್ತರ ಸಿಗುವುದಿಲ್ಲ, ಗಂಟೆ ಎಣಿಸಬೇಕು. ಒಂದು ಕಡತ ವರ್ಷಕ್ಕೆರಡು ಫೋನಿನಲ್ಲಿ ಮುಗಿಯುತ್ತದೆ, ಇನ್ನೊಂದು ವಾರಕ್ಕೆ ಎರಡು ದಿನ ತಿನ್ನುತ್ತದೆ.

ಹೀಗೆ ಲೆಕ್ಕ ಹಾಕಿ. ತಿಂಗಳಿಗೆ 24 ಕೆಲಸದ ದಿನ, ದಿನಕ್ಕೆ 8 ಗಂಟೆ, ಒಟ್ಟು 192 ಗಂಟೆ. ಇದರಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕಾಯುವುದಕ್ಕೆ 4 ದಿನ, ಪ್ರಗತಿ ಪರಿಶೀಲನಾ ಸಭೆಗೆ 2 ದಿನ, ಪೋರ್ಟಲ್ ತುಂಬುವುದು ಮತ್ತು ಮಾಸಿಕ ವರದಿಗೆ 3 ದಿನ, ಶಾಲೆ-ಪಂಚಾಯಿತಿಯ ಅರಿವು ಕಾರ್ಯಕ್ರಮಕ್ಕೆ 2 ದಿನ, ರಜೆಗೆ ಸರಾಸರಿ ಒಂದೂವರೆ ದಿನ ಹೋಯಿತು ಎನ್ನಿ. ಹನ್ನೆರಡೂವರೆ ದಿನ, ಅಂದರೆ 100 ಗಂಟೆ. ಕೇಸಿಗೆ ಉಳಿದದ್ದು 92 ಗಂಟೆ ಮಾತ್ರ.

ಈಗ ಕೇಸಿನ ಕಡೆ ನೋಡಿ. ಹೊಸ ಕೇಸೊಂದಕ್ಕೆ ಬಸ್ಸಿನ ಹೊತ್ತೂ ಸೇರಿ ಮನೆ ಭೇಟಿ 5 ಗಂಟೆ, ಶಾಲೆ ಹಾಗೂ ನೆರೆಹೊರೆಯವರ ಮಾತು 2, ಸಾಮಾಜಿಕ ತನಿಖಾ ವರದಿ ಬರೆಯಲು 3, ಸಮಿತಿಯ ಮುಂದೆ ಮಂಡಿಸಲು 2, ಒಟ್ಟು 12 ಗಂಟೆ. ನಡೆಯುತ್ತಿರುವ ಕೇಸಿಗೆ ತಿಂಗಳಿಗೆ ಒಂದು ಭೇಟಿ, ಕೆಲವು ಕರೆ, 4 ಗಂಟೆ. ತಣ್ಣಗಿರುವ ಕೇಸಿಗೆ 1 ಗಂಟೆ. ತಿಂಗಳಿಗೆ 4 ಹೊಸವು ಬಂದರೆ 48 ಗಂಟೆ, 8 ನಡೆಯುತ್ತಿರುವವು ಇದ್ದರೆ 32, 12 ತಣ್ಣಗಿನವು ಇದ್ದರೆ 12. ಸೇರಿಸಿದರೆ 92. ಅಂದರೆ 24 ಕಡತಕ್ಕೇ ತಿಂಗಳು ಮುಗಿಯಿತು.

ಇದು ಮಾದರಿ ಲೆಕ್ಕ, ನಿಮ್ಮ ಅಂಕಿ ನಿಮ್ಮ ತಾಲ್ಲೂಕಿನ ದೂರ ಮತ್ತು ಕೇಸಿನ ಸ್ವರೂಪದ ಮೇಲಿದೆ. ಎರಡು ವಾರ ಪ್ರತಿಯೊಬ್ಬ ಕಾರ್ಯಕರ್ತರೂ ಅರ್ಧ ಗಂಟೆಗೊಮ್ಮೆ ಏನು ಮಾಡಿದೆ ಎಂದು ಒಂದು ಹಾಳೆಯಲ್ಲಿ ಗುರುತು ಹಾಕಲಿ. ಸಂಜೆ ನೆನಪಿಸಿಕೊಂಡು ಬರೆಯುವುದು ಬೇಡ, ಕಾಯುವ ಹೊತ್ತು ಮತ್ತು ಪ್ರಯಾಣದ ಹೊತ್ತು ನೆನಪಿನಿಂದ ಜಾರಿಹೋಗುತ್ತವೆ. ತಿಂಗಳ ಕೊನೆಯ ವಾರವೊಂದನ್ನು ಖಂಡಿತ ಸೇರಿಸಿ, ವರದಿಯ ಹೊರೆ ಗೊತ್ತಾಗುವುದು ಅಲ್ಲೇ. ಕಾರ್ಯಕರ್ತರನ್ನು ಪರೀಕ್ಷಿಸಲು ಈ ಹಾಳೆ ಬಳಸುವುದಿಲ್ಲ ಎಂದು ಮೊದಲೇ ಮಾತು ಕೊಟ್ಟು ಉಳಿಸಿಕೊಳ್ಳಿ, ಇಲ್ಲವಾದರೆ ಸುಳ್ಳು ತುಂಬುತ್ತಾರೆ.

ಹಾಗಾದರೆ 60 ಕಡತ ಹೇಗೆ ನಡೆಯುತ್ತಿವೆ? ಮೊದಲು ಬಿಟ್ಟುಹೋಗುವುದು ಮರುಭೇಟಿ. ಮಗು ಮನೆಗೆ ಮರಳಿ ಮೂರು ತಿಂಗಳಾದರೂ ಯಾರೂ ಹೋಗಿ ನೋಡಿರುವುದಿಲ್ಲ. ಆಮೇಲೆ ತನಿಖಾ ವರದಿ ಫೋನಿನಲ್ಲೇ ಆಗತೊಡಗುತ್ತದೆ, ಹತ್ತು ವರದಿಗಳಲ್ಲಿ ಒಂದೇ ವಾಕ್ಯಗಳು ಕಾಣಿಸುತ್ತವೆ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಸಾಮಾಜಿಕ ತನಿಖೆ 15 ದಿನದಲ್ಲಿ ಮುಗಿಯಬೇಕು, ಮಗುವನ್ನು ಮೊದಲು ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳಲ್ಲಿ ಸಮಿತಿ ಅಂತಿಮ ಆದೇಶ ಕೊಡಬೇಕು. ಗಡುವು ಕಾನೂನಿನದು, ಹೊರೆ ಸಂಸ್ಥೆಯದು, ಅಪರಾಧಿ ಭಾವ ಮಾತ್ರ ಕಾರ್ಯಕರ್ತೆಯದು. ಬರ್ನ್‌ಔಟಿನ ಬೇರು ಇಲ್ಲಿದೆ ಎಂಬುದು ನಮ್ಮ ದೃಢ ಅಭಿಪ್ರಾಯ. ಒಳ್ಳೆಯ ಕೆಲಸ ಹೇಗಿರುತ್ತದೆ ಎಂದು ಓದಿ ಬಂದವರು, ಅರೆಬರೆ ಕೆಲಸಕ್ಕೆ ದಿನವೂ ಸಹಿ ಹಾಕುತ್ತಾ ಹೋದರೆ ಒಳಗಿಂದ ಮುರಿಯುತ್ತಾರೆ.

ದಾನಿಗಳ ಮುಂದೆ ‘ಹೆಚ್ಚಾಯಿತು’ ಎನ್ನಬೇಡಿ. ‘60 ಕಡತಕ್ಕೆ ಇಷ್ಟು ಗಂಟೆ ಬೇಕು, ನಮ್ಮಲ್ಲಿ ಇಷ್ಟಿದೆ. ಒಂದು, ಇನ್ನಿಬ್ಬರನ್ನು ಕೊಡಿ. ಎರಡು, ಅರಿವು ಕಾರ್ಯಕ್ರಮದ ಗುರಿ ಇಳಿಸಿ. ಮೂರು, ತಿಂಗಳ ಮರುಭೇಟಿ ಆಗುವುದಿಲ್ಲವೆಂದು ಬರಹದಲ್ಲಿ ಒಪ್ಪಿ’ ಎಂದು ಹಾಳೆ ಮುಂದಿಡಿ. ಮೂರನೆಯದಕ್ಕೆ ಸಹಿ ಹಾಕಲು ಯಾರೂ ಮುಂದಾಗುವುದಿಲ್ಲ, ಮಾತುಕತೆ ಅಲ್ಲಿಂದ ಶುರುವಾಗುತ್ತದೆ. ಹಾಗೆಯೇ ತಣ್ಣಗಿನ ಕಡತಗಳನ್ನು ಮೂರು ತಿಂಗಳಿಗೊಮ್ಮೆ ಕೂತು ಮುಚ್ಚಿ. ಮುಚ್ಚಲು ಯಾರ ಒಪ್ಪಿಗೆ ಬೇಕು ಎಂಬುದು ಸ್ಪಷ್ಟವಿಲ್ಲದ ಕಾರಣಕ್ಕೇ ಎಷ್ಟೋ ಕಡತಗಳು ತೆರೆದೇ ಇರುತ್ತವೆ.

ಕಳೆದ ವರ್ಷ ನಮ್ಮ ಸಂಸ್ಥೆಯಿಂದ ಏಳು ಜನ ಬಿಟ್ಟುಹೋದರು. ಪ್ರವಾಸ ಕರೆದುಕೊಂಡು ಹೋದೆವು, ಯೋಗ ಶಿಬಿರ ಮಾಡಿಸಿದೆವು. ಆದರೂ ನಿಲ್ಲುತ್ತಿಲ್ಲ. ಸಂಬಳ ಹೆಚ್ಚಿಸುವ ಶಕ್ತಿ ನಮಗಿಲ್ಲ.
— ಸಂಸ್ಥೆಯೊಂದರ ಕಾರ್ಯದರ್ಶಿ, ಮೈಸೂರು ಭಾಗ

ಮೊದಲು ಏಳನ್ನು ಬಿಡಿಸಿ ನೋಡೋಣ. ಏಪ್ರಿಲ್ 1ಕ್ಕೆ 22 ಜನ, ಮಾರ್ಚ್ 31ಕ್ಕೆ 18 ಜನ ಇದ್ದರೆ ಸರಾಸರಿ 20. ಏಳು ಭಾಗಿಸು ಇಪ್ಪತ್ತು, ಅಂದರೆ ಶೇ. 35. ಆದರೆ ಆ ಏಳರಲ್ಲಿ ಇಬ್ಬರ ಯೋಜನೆ ಮುಗಿದಿತ್ತು, ಒಬ್ಬರು ಮದುವೆಯಾಗಿ ಬೇರೆ ಊರಿಗೆ ಹೋದರು ಎನ್ನಿ. ತಡೆಯಬಹುದಾಗಿದ್ದದ್ದು ನಾಲ್ಕು, ಶೇ. 20. ನೀವು ಕೆಲಸ ಮಾಡಬೇಕಾದ್ದು ಈ ನಾಲ್ಕರ ಮೇಲೆ.

ಆಮೇಲೆ, ಎಷ್ಟು ತಿಂಗಳಿಗೆ ಬಿಟ್ಟರು ನೋಡಿ. ಆರೆಂಟು ತಿಂಗಳೊಳಗೆ ಹೋದರೆ ದೋಷ ಆಯ್ಕೆಯಲ್ಲಿ ಅಥವಾ ಆರಂಭದ ತಯಾರಿಯಲ್ಲಿದೆ. ಎಂಎಸ್‌ಡಬ್ಲ್ಯು ಎಂಬ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮುಗಿಸಿ ಬಂದವರನ್ನು ಸೋಮವಾರ ಸೇರಿಸಿಕೊಂಡು ಬುಧವಾರ ಒಬ್ಬರನ್ನೇ ಕೌಟುಂಬಿಕ ಹಿಂಸೆಯ ಮನೆಗೆ ಕಳಿಸುವ ಸಂಸ್ಥೆಗಳಿವೆ. ಮೊದಲ ತಿಂಗಳು ಹಿರಿಯರ ಜೊತೆ ಹೋಗಿ ನೋಡುವುದು ಮಾತ್ರ, ಎರಡನೇ ತಿಂಗಳು ಐದು ಕೇಸು, ಮೂರನೇ ತಿಂಗಳು ಹತ್ತು, ಆರನೇ ತಿಂಗಳಿಗೆ ಪೂರ್ತಿ ಹೊರೆ. ಈ ಕ್ರಮ ದುಬಾರಿ ಅನಿಸಬಹುದು. ಮತ್ತೆ ಜಾಹೀರಾತು ಕೊಟ್ಟು, ಸಂದರ್ಶನ ಮಾಡಿ, ಹಳ್ಳಿಯವರಿಗೆ ಮತ್ತೊಂದು ಹೊಸ ಮುಖ ಪರಿಚಯಿಸುವುದು ಅದಕ್ಕಿಂತ ದುಬಾರಿ. ನಾಲ್ಕೈದು ವರ್ಷ ಇದ್ದವರು ಹೋಗುತ್ತಿದ್ದರೆ ಕಾರಣ ಬೇರೆ: ಮುಂದೆ ಹೋಗುವ ಮೆಟ್ಟಿಲೇ ಇಲ್ಲ, ನಿನ್ನೆ ಬಂದವರಿಗೂ ಇವರಿಗೂ ಸಂಬಳದಲ್ಲಿ ವ್ಯತ್ಯಾಸವಿಲ್ಲ, ತೀರ್ಮಾನಗಳಲ್ಲಿ ಇವರ ಮಾತಿಗೆ ಜಾಗವಿಲ್ಲ.

ಬಿಟ್ಟವರನ್ನು ಕೇಳಿ. ನೇರ ಮೇಲಧಿಕಾರಿ ಕೇಳಬಾರದು, ಕೊನೆಯ ದಿನ ಕೇಳಬಾರದು. ಆ ದಿನ ಎಲ್ಲರೂ ‘ಮನೆಯ ಕಾರಣ’ ಎಂದೇ ಹೇಳುತ್ತಾರೆ, ಅನುಭವ ಪತ್ರ ಇನ್ನೂ ಕೈಗೆ ಬಂದಿರುವುದಿಲ್ಲ. ಪತ್ರ ಕೊಟ್ಟು ಒಂದೆರಡು ತಿಂಗಳು ಕಳೆದ ಮೇಲೆ, ಆಡಳಿತ ಮಂಡಳಿಯ ಹೊರಗಿನ ಒಬ್ಬರು ಫೋನ್ ಮಾಡಲಿ. ಕೆಲಸದ ದಣಿವಿನ ಸಂಶೋಧಕರಾದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಗುರುತಿಸಿದ ಆರು ವಿಷಯಗಳನ್ನು ಕೇಳಿದರೆ ಸಾಕು: ಕೆಲಸದ ಹೊರೆ, ತನ್ನ ಕೆಲಸದ ಮೇಲೆ ತನಗಿದ್ದ ಹಿಡಿತ, ಸಿಕ್ಕ ಪ್ರತಿಫಲ, ಜೊತೆಯವರ ಒಡನಾಟ, ನ್ಯಾಯ, ಮೌಲ್ಯಗಳ ಹೊಂದಾಣಿಕೆ. ಇನ್ನೂ ಇರುವವರನ್ನೂ ಕೇಳಿ: ‘ಕಳೆದ ಸಲ ಬಿಡಬೇಕು ಅನ್ನಿಸಿದ್ದು ಯಾವಾಗ? ಆಗ ಉಳಿಸಿದ್ದು ಏನು?’

ಯೋಗ ಒಳ್ಳೆಯದೇ. ಆದರೆ ಹೊರೆ ಹಾಗೇ ಇದ್ದು ಶನಿವಾರದ ರಜೆಯಲ್ಲಿ ಯೋಗ ಶಿಬಿರ ಇಟ್ಟರೆ ಅದು ಇನ್ನೊಂದು ಕೆಲಸವಾಗುತ್ತದೆ.

ಸಂಬಳದ ಬಗ್ಗೆ. ಸಂಬಳ ಕಡಿಮೆ ಎಂಬುದು ಒಂದು ನೋವು. ಎಂದು ಬರುತ್ತದೆ ಎಂಬುದೇ ಗೊತ್ತಿಲ್ಲದಿರುವುದು ಅದಕ್ಕಿಂತ ದೊಡ್ಡ ನೋವು, ಮತ್ತು ಅದು ನಿಮ್ಮ ಕೈಯಲ್ಲಿದೆ. ಯೋಜನೆಯ ಕಂತು ತಡವಾದಾಗ ನಿಲ್ಲುವ ಮೊದಲ ಖರ್ಚು ಸಂಬಳವೇ ಆಗಬಾರದು. ಯಾವ ಯೋಜನೆಗೂ ಕಟ್ಟಿಲ್ಲದ ದೇಣಿಗೆಯಿಂದ ಮೂರು ತಿಂಗಳ ಸಂಬಳದ ಮೀಸಲು ನಿಧಿ ಕಟ್ಟಿ, ಒಮ್ಮೆಗೇ ಆಗದಿದ್ದರೆ ಎರಡು ವರ್ಷದಲ್ಲಿ. ಮೊದಲ ಕಂತು ಬಂದ ಮೇಲೆ ಕೆಲಸ ಶುರು ಎಂದು ಒಪ್ಪಂದದಲ್ಲಿ ಬರೆಸಿ. ಸಂಬಳ ತಡವಾಗುವುದೇ ಆದರೆ ಹಿಂದಿನ ತಿಂಗಳ 25ಕ್ಕೇ ದಿನಾಂಕ ಸಹಿತ ತಿಳಿಸಿ, ಮನೆ ಬಾಡಿಗೆಗೆ ಅವರು ಬೇರೆ ದಾರಿ ನೋಡಿಕೊಳ್ಳುತ್ತಾರೆ.

ಪೆಟ್ರೋಲ್ ಇನ್ನೊಂದು ಮರೆತ ವಿಷಯ. ಕಡಿಮೆ ಸಂಬಳದವರು ತಮ್ಮ ಜೇಬಿನಿಂದ ಪೆಟ್ರೋಲ್ ಹಾಕಿಸಿ, ಬಿಲ್ಲು ಕೊಟ್ಟು, ಎರಡು ತಿಂಗಳು ಕಾಯುತ್ತಾರೆ. ಅಂದರೆ ಸಂಸ್ಥೆಗೆ ಅವರೇ ಸಾಲ ಕೊಡುತ್ತಿದ್ದಾರೆ. ತಲಾ ₹2,000 ಮುಂಗಡ ಕೊಟ್ಟು ಹದಿನೈದು ದಿನಕ್ಕೊಮ್ಮೆ ಲೆಕ್ಕ ತೀರಿಸಿ. ಕಿಲೋಮೀಟರಿನ ದರವನ್ನು ಪ್ರತಿ ಏಪ್ರಿಲಿನಲ್ಲಿ ಮರುಪರಿಶೀಲಿಸಿ.

ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಯಾದರೆ ಇದನ್ನೂ ಗಮನಿಸಿ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ, ಆ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ಅದಕ್ಕೆ ಹೆದರಿ ಕ್ಷೇತ್ರ ಕಾರ್ಯಕರ್ತರ ಸಂಬಳವನ್ನೂ ಹಿಂಡಿದ ಸಂಸ್ಥೆಗಳಿವೆ. ನಿಯಮದಲ್ಲಿ, ಕಲ್ಯಾಣ ಸಂಸ್ಥೆಯ ಉದ್ದೇಶಕ್ಕೆ ನೇರವಾಗಿ ಮಾಡಿದ ವೆಚ್ಚ ಆಡಳಿತ ವೆಚ್ಚದಲ್ಲಿ ಸೇರುವುದಿಲ್ಲ. ಆಸ್ಪತ್ರೆಯ ವೈದ್ಯರ ಸಂಬಳ, ಶಾಲೆಯ ಶಿಕ್ಷಕರ ಸಂಬಳವನ್ನು ಅಲ್ಲಿ ಉದಾಹರಣೆಯಾಗಿ ಕೊಟ್ಟಿದೆ. ಮನೆ ಭೇಟಿ ಮಾಡುವ ಕಾರ್ಯಕರ್ತೆಯ ಸಂಬಳವನ್ನು ಯಾವ ತಲೆಬರಹದಡಿ ಹಾಕಿದ್ದೀರಿ ಎಂದು ನಿಮ್ಮ ಲೆಕ್ಕಪರಿಶೋಧಕರ ಜೊತೆ ಕೂತು ನೋಡಿ.

ಕೊನೆಯದಾಗಿ, ಕಾಸು ಬೇಡದ ಒಂದು ಕ್ರಮ: ಹದಿನೈದು ದಿನಕ್ಕೊಮ್ಮೆ ಪ್ರತಿ ಕಾರ್ಯಕರ್ತರ ಜೊತೆ ಒಂದು ಗಂಟೆ ಒಬ್ಬರೊಬ್ಬರೇ ಕೂರುವುದು. ಸಮಾಜಕಾರ್ಯದ ಪಾಠದಲ್ಲಿ ಮೇಲ್ವಿಚಾರಣೆಗೆ ಆಡಳಿತ, ಕಲಿಕೆ, ಆಸರೆ ಎಂಬ ಮೂರು ಕೆಲಸ ಹೇಳುತ್ತಾರೆ. ನಮ್ಮಲ್ಲಿ ಮೊದಲನೆಯದೊಂದೇ ಉಳಿದಿದೆ, ಗುರಿ ಎಷ್ಟು ಮುಟ್ಟಿತು ಎಂಬ ಲೆಕ್ಕ. ಆ ಗಂಟೆಯಲ್ಲಿ ಮೊದಲ 30 ನಿಮಿಷ ಅವರು ಆರಿಸಿದ ಒಂದೇ ಕೇಸು, ನಂತರ 15 ನಿಮಿಷ ಅದು ಅವರ ಮೇಲೆ ಏನು ಮಾಡಿತು ಎಂಬ ಮಾತು, ಉಳಿದದ್ದರಲ್ಲಿ ರಜೆ, ಬಿಲ್ಲು, ಕಚೇರಿಯ ವಿಷಯ. ಗುರಿಯ ಲೆಕ್ಕವನ್ನು ಮಾಸಿಕ ಸಭೆಗೆ ಬಿಡಿ. ಅದು ಇಲ್ಲಿಗೆ ಬಂದರೆ ಉಳಿದ ಎಲ್ಲವನ್ನೂ ನುಂಗುತ್ತದೆ.

ನಾನು ಜಿಲ್ಲಾಸ್ಪತ್ರೆಯಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆ. ದಿನವಿಡೀ ಆಯುಷ್ಮಾನ್ ಕಾರ್ಡಿನ ಅರ್ಜಿ, ಝೆರಾಕ್ಸು, ದಾರಿ ತೋರಿಸುವುದು. ಓದಿದ್ದು ಇದಕ್ಕೇನಾ ಎನ್ನಿಸುತ್ತದೆ.

ದಣಿವಿಗಿಂತ ಅತೃಪ್ತಿ ನಿಮ್ಮನ್ನು ಹೆಚ್ಚು ಕಾಡುತ್ತಿದೆ. ಎರಡೂ ಬೇರೆ. ನಿಮ್ಮ ಓದಿಗೆ ತಕ್ಕ ಕೆಲಸ ಕಣ್ಣಿಗೆ ಕಾಣಿಸುತ್ತಿಲ್ಲ, ಅದನ್ನು ಕಾಣಿಸುವಂತೆ ಮಾಡಬೇಕು.

ಕಾರ್ಡಿನ ಕೆಲಸವನ್ನು ಕೀಳಾಗಿ ನೋಡಬೇಡಿ, ಆ ಕಾರ್ಡು ಆಗದಿದ್ದರೆ ಬಡವರಿಗೆ ಶಸ್ತ್ರಚಿಕಿತ್ಸೆಯಿಲ್ಲ. ಅದನ್ನು ಬೆಳಿಗ್ಗೆ 9ರಿಂದ 11.30ಕ್ಕೆ ಸೀಮಿತಗೊಳಿಸಲು ವೈದ್ಯಕೀಯ ಅಧೀಕ್ಷಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ತುರ್ತು ರೋಗಿಗಳಿಗೆ ವಿನಾಯಿತಿ ಇರಲಿ. ಉಳಿದ ಹೊತ್ತಿನಲ್ಲಿ ಒಂದೇ ವಾರ್ಡ್ ಆರಿಸಿಕೊಳ್ಳಿ. ವಿಷ ಕುಡಿದು ಬಂದವರು, ಕ್ಷಯದ ಔಷಧಿ ನಡುವೆ ಬಿಟ್ಟವರು, ಡಯಾಲಿಸಿಸ್ ರೋಗಿಗಳು, ಈ ಮೂರರಲ್ಲಿ ಯಾವುದಾದರೂ ಒಂದು. ಪ್ರತಿ ರೋಗಿಯ ಕೇಸ್ ಶೀಟಿನಲ್ಲಿ ಐದು ಸಾಲು ಬರೆಯಿರಿ: ಮನೆಯಲ್ಲಿ ಯಾರಿದ್ದಾರೆ, ದುಡಿಮೆ ಏನು, ಚಿಕಿತ್ಸೆಗೆ ಅಡ್ಡಿ ಏನು, ನೀವು ಮಾಡಿದ್ದೇನು, ಮುಂದಿನ ದಿನಾಂಕ. ವೈದ್ಯರು ನಿಮ್ಮ ಕೋಣೆಗೆ ಬರುವುದಿಲ್ಲ, ಕೇಸ್ ಶೀಟ್ ಓದುತ್ತಾರೆ. ಮೂರು ತಿಂಗಳಾದ ಮೇಲೆ ‘ಇಷ್ಟು ಜನ ಮತ್ತೆ ಔಷಧಿಗೆ ಬಂದರು’ ಎಂದು ಒಂದು ಪುಟ ಕೊಡಿ.

2021ರ ಸಂಯೋಜಿತ ಮತ್ತು ಆರೋಗ್ಯ ಸೇವಾ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ವೈದ್ಯಕೀಯ ಹಾಗೂ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಆರೋಗ್ಯ ವೃತ್ತಿಪರರ ಪಟ್ಟಿಯಲ್ಲಿ ಸೇರಿಸಿದೆ. ಹುದ್ದೆಯ ಕರ್ತವ್ಯಪಟ್ಟಿ ಕೇಳುವಾಗ ಇದನ್ನು ಉಲ್ಲೇಖಿಸಿ.

ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ) ಪ್ರಕರಣಗಳಲ್ಲಿ ವಿಚಾರಣೆಯುದ್ದಕ್ಕೂ ಮಗುವಿನ ಜೊತೆಗಿರುವ ಬೆಂಬಲ ವ್ಯಕ್ತಿಯಾಗಿ ಕೆಲಸ ಮಾಡುತ್ತೇನೆ. ಕೇಳಿದ ಮಾತುಗಳು ರಾತ್ರಿ ಬಿಡುವುದಿಲ್ಲ. ಮನೆಯವರ ಹತ್ತಿರ ಹೇಳಿಕೊಳ್ಳಬಹುದೇ?
— ಶಿವಮೊಗ್ಗ

ಮಗುವಿನ ಹೆಸರು, ಊರು, ಶಾಲೆ, ಗುರುತು ಸಿಗುವ ಯಾವುದನ್ನೂ ಹೇಳುವಂತಿಲ್ಲ. ನಿಮ್ಮ ಸ್ಥಿತಿಯನ್ನು ಹೇಳಬಹುದು, ಹೇಳಲೇಬೇಕು: ‘ಇವತ್ತು ಕಷ್ಟದ ದಿನ, ಸ್ವಲ್ಪ ಹೊತ್ತು ಸುಮ್ಮನೆ ಜೊತೆಗಿರು.’

ವಿವರ ಹೇಳಿಕೊಳ್ಳಬೇಕಾದದ್ದು ಸಹೋದ್ಯೋಗಿ ಅಥವಾ ಮೇಲ್ವಿಚಾರಕರ ಬಳಿ, ಅಲ್ಲಿಯೂ ಕ್ರಮವಿದೆ. ಮೊದಲು ‘ಒಂದು ಭಾರವಾದ ಕೇಸಿನ ಬಗ್ಗೆ ಹೇಳಬೇಕಿದೆ’ ಎಂದು ಎಚ್ಚರಿಸಿ. ‘ಈಗ ಕೇಳುವ ಸ್ಥಿತಿಯಲ್ಲಿದ್ದೀರಾ’ ಎಂದು ಒಪ್ಪಿಗೆ ಪಡೆಯಿರಿ. ಆಮೇಲೆ ಅಂಚಿನಿಂದ ಶುರುಮಾಡಿ, ನಿಮಗೆ ಏನಾಯಿತು ಎಂಬುದನ್ನು ಹೇಳಿ. ಹಿಂಸೆಯ ಚಿತ್ರವತ್ತಾದ ವಿವರ ಬಹುತೇಕ ಬೇಕಾಗುವುದಿಲ್ಲ. ಊಟದ ಹೊತ್ತಿನಲ್ಲಿ ಎಲ್ಲರೆದುರು ಎಲ್ಲವನ್ನೂ ಹೇಳಿದರೆ ನಿಮ್ಮ ಭಾರ ಇಳಿಯುವುದಿಲ್ಲ, ಐವರ ತಲೆಗೆ ಏರುತ್ತದೆ. ಘಟನೆಯಾದ ದಿನವೇ ಎಲ್ಲರನ್ನೂ ಕೂರಿಸಿ ಕಡ್ಡಾಯವಾಗಿ ಎಲ್ಲ ಹೇಳಿಸುವ ಪದ್ಧತಿಯೂ ಬೇಡ. ಅಂಥ ಒಂದೇ ಬಾರಿಯ ಕೂಟದಿಂದ ಆಘಾತದ ಲಕ್ಷಣ ತಗ್ಗುವುದಿಲ್ಲ, ಕೆಲವರಿಗೆ ಹೆಚ್ಚಾಗಬಹುದು ಎಂದು ಸಂಶೋಧನೆಗಳು ತೋರಿಸಿವೆ.

ಮಗುವಿನ ಹೇಳಿಕೆಯ ಪ್ರತಿಯನ್ನು ಮನೆಗೆ ಒಯ್ಯಬೇಡಿ, ರಾತ್ರಿ ಓದಬೇಡಿ. ನ್ಯಾಯಾಲಯದ ದಿನ ಮುಗಿದ ಮೇಲೆ ಅರ್ಧ ಗಂಟೆಯಾದರೂ ನಡೆದು ಮನೆ ಸೇರಿ. ಒಬ್ಬರಿಗೇ ಸತತವಾಗಿ ಇಂಥವೇ ಕೇಸು ಬರದಂತೆ ನಡುವೆ ಬೇರೆ ಬಗೆಯವು ಸೇರುವಂತೆ ಕೇಳಿ. ಒಂದು ತಿಂಗಳು ಕಳೆದರೂ ಕನಸು ನಿಲ್ಲದಿದ್ದರೆ ಮನೋವೈದ್ಯರನ್ನು ಕಾಣಿ, ಇದಕ್ಕೆ ಚಿಕಿತ್ಸೆ ಇದೆ.

ಮನೆ ಭೇಟಿಗೆ ಹೋದಾಗ ಒಬ್ಬ ಮನೆಯ ಯಜಮಾನ ಅಸಭ್ಯವಾಗಿ ನಡೆದುಕೊಂಡ. ‘ಅವನು ನಮ್ಮ ಸಿಬ್ಬಂದಿ ಅಲ್ಲ, ನಾವೇನು ಮಾಡಲಿ’ ಎಂದು ಕಚೇರಿಯಲ್ಲಿ ಹೇಳಿದರು.

ತಪ್ಪು ಉತ್ತರ. 2013ರ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ, ಕೆಲಸದ ನಿಮಿತ್ತ ಭೇಟಿ ಕೊಟ್ಟ ಜಾಗವೂ ಕೆಲಸದ ಸ್ಥಳವೇ. ಹೊರಗಿನವನ ಮೇಲೆ ಪೊಲೀಸ್ ದೂರು ಕೊಡಲು ನೀವು ಬಯಸಿದರೆ ಸಂಸ್ಥೆ ನೆರವಾಗಬೇಕು. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಬೇಕು, ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಿ. ತಡವಾದರೆ ಕಾರಣ ದಾಖಲಿಸಿ ಇನ್ನೂ ಮೂರು ತಿಂಗಳು ವಿಸ್ತರಿಸಲು ಅವಕಾಶವಿದೆ. ಈ ಕಾನೂನು ಹುಟ್ಟಿದ್ದೇ ಕ್ಷೇತ್ರದಲ್ಲಿ ದುಡಿಯುತ್ತಿದ್ದ ಹೆಣ್ಣಿನ ನೋವಿನಿಂದ. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಭಂವರಿ ದೇವಿಯ ಮೇಲೆ 1992ರಲ್ಲಿ ನಡೆದ ಅತ್ಯಾಚಾರದ ಬೆನ್ನಿಗೇ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪು ಬಂತು. ಸಂಸ್ಥೆಗಳು ಇದನ್ನು ಮರೆಯಬಾರದು.

ಮುಂದಿನ ಭೇಟಿಗಳಿಗೆ: ಮೊದಲ ಭೇಟಿಗೆ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಜೊತೆ ಹೋಗಿ. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸು ಎಂದು ಕಚೇರಿಯ ಹಲಗೆಯಲ್ಲಿ ಬರೆದು ಹೊರಡಿ. ಹೇಳಿದ ಹೊತ್ತು ಮೀರಿ ಅರ್ಧ ಗಂಟೆಯಾದರೆ ಯಾರು ಫೋನ್ ಮಾಡಬೇಕು ಎಂಬುದು ನಿಗದಿಯಾಗಿರಲಿ. ಬಾಗಿಲ ಹತ್ತಿರ ಕೂರಿ. ಸಂಜೆ ಐದರ ನಂತರ ಒಬ್ಬರೇ ಹೋಗುವ ಭೇಟಿ ಇರಕೂಡದು.

ಸಿಬ್ಬಂದಿಯ ಮನಃಸ್ಥಿತಿ ಅಳೆಯಲು ಯಾವ ಪ್ರಶ್ನಾವಳಿ ಒಳ್ಳೆಯದು?
— ಎಂಎಸ್‌ಡಬ್ಲ್ಯು ವಿದ್ಯಾರ್ಥಿ, ಧಾರವಾಡ

ನಿಮ್ಮ ಪ್ರಶ್ನೆ ಏನೆಂಬುದರ ಮೇಲೆ ಹೋಗುತ್ತದೆ. ಬರ್ನ್‌ಔಟ್ ಒಂದನ್ನೇ ನೋಡುವುದಾದರೆ 19 ಪ್ರಶ್ನೆಗಳ ಕೋಪನ್‌ಹೇಗನ್ ಪ್ರಶ್ನಾವಳಿ ಉಚಿತವಾಗಿ ಸಿಗುತ್ತದೆ. ವೈಯಕ್ತಿಕ ದಣಿವು, ಕೆಲಸದಿಂದ ಬಂದದ್ದು, ಸೇವೆ ಪಡೆಯುವವರಿಂದ ಬಂದದ್ದು ಎಂದು ಅದು ಬಿಡಿಸಿ ತೋರಿಸುತ್ತದೆ. ಪರರ ಆಘಾತದ ಪರಿಣಾಮವೂ, ಕೆಲಸದಿಂದ ಸಿಗುವ ನೆಮ್ಮದಿಯೂ ಬೇಕಾದರೆ 30 ಪ್ರಶ್ನೆಗಳ ಪ್ರೊಕ್ವಾಲ್ (ProQOL) ಪ್ರಶ್ನಾವಳಿ. ಉದ್ಯೋಗ ತೃಪ್ತಿಗೆ ಪಾಲ್ ಸ್ಪೆಕ್ಟರ್ ಅವರ 36 ಪ್ರಶ್ನೆಗಳ ಸಮೀಕ್ಷೆ ಸಂಬಳ, ಬಡ್ತಿ, ಮೇಲ್ವಿಚಾರಣೆ ಮುಂತಾಗಿ ಒಂಬತ್ತು ಅಂಶಗಳನ್ನು ಬೇರೆ ಬೇರೆ ಅಳೆಯುತ್ತದೆ.

ಕನ್ನಡಕ್ಕೆ ತರುವಾಗ ಒಬ್ಬರು ಅನುವಾದಿಸಿ, ಮೂಲ ನೋಡದ ಮತ್ತೊಬ್ಬರು ಅದನ್ನು ಇಂಗ್ಲಿಷಿಗೆ ಮರಳಿಸಿ, ಎರಡನ್ನೂ ಹೋಲಿಸಿ. ಆಮೇಲೆ ಏಳೆಂಟು ಕಾರ್ಯಕರ್ತರ ಮುಂದೆ ಓದಿ, ಪ್ರತಿ ಪ್ರಶ್ನೆಯಿಂದ ಏನು ತಿಳಿಯಿತು ಎಂದು ಕೇಳಿ. ಹತ್ತು ಜನರ ತಂಡದಲ್ಲಿ ವಯಸ್ಸು, ಲಿಂಗ, ಹುದ್ದೆ ಮೂರನ್ನೂ ಬರೆಸಿದರೆ ಹೆಸರಿಲ್ಲದಿದ್ದರೂ ಯಾರೆಂದು ಗೊತ್ತಾಗುತ್ತದೆ. ಐದಕ್ಕಿಂತ ಕಡಿಮೆ ಜನರ ಗುಂಪಿನ ಫಲಿತಾಂಶವನ್ನು ಬಿಡಿಯಾಗಿ ಕೊಡಬೇಡಿ. ಬಿಟ್ಟುಹೋದವರು ನಿಮ್ಮ ಸಮೀಕ್ಷೆಯಲ್ಲಿ ಇರುವುದೇ ಇಲ್ಲ ಎಂಬುದನ್ನೂ ನೆನಪಿಡಿ. ಇರುವವರ ಅಂಕ ಚೆನ್ನಾಗಿ ಕಾಣಲು ಅದೇ ಕಾರಣವಿರಬಹುದು.

ಬಿಡುವ ತೀರ್ಮಾನ ಮಾಡಿದ್ದೇನೆ. ಹೊರಗುತ್ತಿಗೆ ನೌಕರಿ, ಆರು ವರ್ಷದಲ್ಲಿ ಮೂರು ಏಜೆನ್ಸಿ ಬದಲಾಗಿವೆ. ಏನೇನು ನೋಡಿಕೊಳ್ಳಬೇಕು? ನಾನು ನೋಡಿಕೊಳ್ಳುವ ಕೇಸುಗಳ ಮಕ್ಕಳಿಗೆ ಹೇಗೆ ಹೇಳಲಿ?
— ತುಮಕೂರು

ಮೊದಲು ಪಿಎಫ್. ಏಜೆನ್ಸಿ ಬದಲಾದಾಗಲೆಲ್ಲ ಹೊಸ ಸದಸ್ಯ ಸಂಖ್ಯೆ ಹುಟ್ಟುತ್ತದೆ, ಆದರೆ ಯುಎಎನ್, ಅಂದರೆ ನೌಕರಿ ಬದಲಾದರೂ ಬದಲಾಗದ ಪಿಎಫ್ ಖಾತೆ ಸಂಖ್ಯೆ, ಒಂದೇ ಇರಬೇಕು. ಎರಡು ಯುಎಎನ್ ಆಗಿದ್ದರೆ ಹಳೆಯದರ ಹಣವನ್ನು ಹೊಸದಕ್ಕೆ ವರ್ಗಾಯಿಸಿ. ಪಾಸ್‌ಬುಕ್ ತೆಗೆದು, ಸಂಬಳದ ಚೀಟಿಯಲ್ಲಿ ಕಡಿತವಾದ ಪ್ರತಿ ತಿಂಗಳೂ ಜಮೆಯಾಗಿದೆಯೇ ಹೋಲಿಸಿ. ಕಡಿತವಾಗಿ ಜಮೆಯಾಗದಿದ್ದರೆ ಚೀಟಿಗಳ ಪ್ರತಿ ಇಟ್ಟು ಇಪಿಎಫ್‌ಒ (ಪಿಎಫ್ ನೋಡಿಕೊಳ್ಳುವ ಸಂಸ್ಥೆ) ದೂರು ಪೋರ್ಟಲಿನಲ್ಲಿ ದಾಖಲಿಸಿ. ಮೂರೂ ಏಜೆನ್ಸಿಗಳು ಕೆಲಸ ಬಿಟ್ಟ ದಿನಾಂಕ ನಮೂದಿಸಿವೆಯೇ ನೋಡಿ, ಅದಿಲ್ಲದೆ ವರ್ಗಾವಣೆ ಸಿಕ್ಕಿಕೊಳ್ಳುತ್ತದೆ. ಕಷ್ಟವಿಲ್ಲದಿದ್ದರೆ ಹಣ ತೆಗೆಯಬೇಡಿ. ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು. ಈಗ ಪಿಂಚಣಿ ಭಾಗವನ್ನು ತೆಗೆದರೆ ಈ ಆರು ವರ್ಷ ಲೆಕ್ಕಕ್ಕೆ ಬರುವುದಿಲ್ಲ, ಮುಂದಿನ ನೌಕರಿಗೆ ವರ್ಗಾಯಿಸಿದರೆ ಇನ್ನು ನಾಲ್ಕು ವರ್ಷ ಸಾಕು.

ಅನುಭವ ಪತ್ರವನ್ನು ಏಜೆನ್ಸಿಯಿಂದಲೂ, ಕೆಲಸ ಮಾಡಿದ ಕಚೇರಿಯಿಂದಲೂ ಕೇಳಿ. ಹುದ್ದೆಯ ಹೆಸರಿನ ಜೊತೆ ಮನೆ ಭೇಟಿ, ತನಿಖಾ ವರದಿ, ಆಪ್ತ ಸಮಾಲೋಚನೆ ಎಂದು ಮಾಡಿದ ಕೆಲಸದ ವಿವರವೂ ಇರಲಿ. ‘ಡೇಟಾ ಎಂಟ್ರಿ’ ಹುದ್ದೆಯಲ್ಲಿ ತೋರಿಸಿ ಸಮಾಜ ಕಾರ್ಯಕರ್ತರ ಕೆಲಸ ಮಾಡಿಸಿರುವುದುಂಟು.

ಮಕ್ಕಳಿಗೆ ಕನಿಷ್ಠ ಮೂರು ವಾರ ಮುಂಚೆ ಹೇಳಿ. ಬಿಟ್ಟುಹೋದ ದೊಡ್ಡವರನ್ನು ಈಗಾಗಲೇ ಕಂಡ ಮಕ್ಕಳು ಅವರು, ನೀವು ಹೇಳದೆ ಹೋದರೆ ತಮ್ಮದೇ ತಪ್ಪು ಎಂದುಕೊಳ್ಳುತ್ತಾರೆ. ‘ನನ್ನ ಕೆಲಸ ಬದಲಾಗುತ್ತಿದೆ, ನಿನ್ನಿಂದಾಗಿ ಅಲ್ಲ, ಇನ್ನು ಮುಂದೆ ಬರುವವರು ಇವರು’ ಎಂಬಷ್ಟು ಸಾಕು. ಮೊದಲ ಭೇಟಿಯಲ್ಲಿ ಸುದ್ದಿ ಹೇಳಿ, ಎರಡನೆಯದಕ್ಕೆ ಹೊಸಬರನ್ನು ಕರೆದುಕೊಂಡು ಹೋಗಿ, ಮೂರನೆಯದರಲ್ಲಿ ಹೊಸಬರು ಮಾತಾಡಲಿ, ನೀವು ಪಕ್ಕದಲ್ಲಿರಿ. ಹೊಸಬರ ನೇಮಕವೇ ಆಗಿಲ್ಲವೆಂದರೆ ಬಾಲಮಂದಿರದ ಅಧೀಕ್ಷಕರೋ ಶಾಲೆಯ ಶಿಕ್ಷಕಿಯೋ, ಮಗುವಿಗೆ ಗೊತ್ತಿರುವ ಒಬ್ಬರನ್ನು ಆ ಜಾಗದಲ್ಲಿ ಕೂರಿಸಿ. ‘ಬಂದು ನೋಡುತ್ತೇನೆ’ ಎಂದು ಮಾತು ಕೊಡಬೇಡಿ, ನಿಮ್ಮ ಸ್ವಂತ ನಂಬರನ್ನೂ ಕೊಡಬೇಡಿ, 1098 ಬರೆದುಕೊಡಿ. ಕಡತದ ಮೊದಲ ಪುಟದಲ್ಲಿ ಮುಂದಿನ ವಿಚಾರಣೆಯ ದಿನಾಂಕ, ಬಾಕಿ ಉಳಿದ ದಾಖಲೆ, ಮನೆಯಲ್ಲಿ ನಂಬಬಹುದಾದವರು ಯಾರು, ಎಚ್ಚರವಿರಬೇಕಾದವರು ಯಾರು ಎಂಬ ನಾಲ್ಕನ್ನು ಬರೆದು, ಪಡೆದವರ ಸಹಿ ಮತ್ತು ತಾರೀಖು ಹಾಕಿಸಿಕೊಳ್ಳಿ.